ಹದಿನೆಂಟು ನಂಬರು, ಎಲ್ ಸೈಜು

ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಜೆರ್ಸಿ ಬಾಡಿಗೆಯ ಅಂಗಡಿ. ಅಲ್ಲಿ ಕಬ್ಬಿಣದ ಒಂದು ಸ್ಟ್ಯಾಂಡ್ ಇದೆ. ಅದರಲ್ಲಿ ಆರ್‌ಸಿಬಿ ಕ್ರಿಕೆಟ್ ತಂಡದ ಮೂವತ್ತು ಕೆಂಪು-ಕಪ್ಪು ಜೆರ್ಸಿಗಳು ನೇತಾಡುತ್ತಿವೆ. ಬಂದವರು ಒಂದನ್ನು ಮುಟ್ಟಿ ನೋಡುತ್ತಾರೆ. ಲಾಂಛನದಲ್ಲಿರುವ ‘ಬ್ಯಾಂಗಲೋರ್’ ಓದುತ್ತಾರೆ. ನಕ್ಕು ಪಕ್ಕದ ಸ್ಟ್ಯಾಂಡಿಗೆ ಹೋಗುತ್ತಾರೆ.

ಇವನ್ನು ನಾನು ಕೊಂಡಿದ್ದು 2024ರ ಫೆಬ್ರವರಿಯಲ್ಲಿ. ಹಿಂದಿನ ಸೀಸನ್ನಿನ ಮಾಲು, ಒಂದಕ್ಕೆ ಐನೂರರಂತೆ ಸಿಕ್ಕಿತು. ಅರ್ಧ ಬೆಲೆಗೆ ಹೊಡೆದೆ ಎಂದು ಹಿಗ್ಗಿದ್ದೆ. ಮಾರ್ಚ್ 17ಕ್ಕೆ ಆರ್‌ಸಿಬಿ ಹೆಣ್ಣುಮಕ್ಕಳು ದೆಹಲಿಯಲ್ಲಿ ಕಪ್ ಗೆದ್ದರು. ಹೊಸ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೇ ಶಕುನ ಬೇಕಾ ಅಂದುಕೊಂಡೆ. ಆ ಶಕುನ ಇದ್ದಿದ್ದು ಎರಡೇ ದಿನ. 19ಕ್ಕೆ ತಂಡದ ಹೆಸರು ರಾಯಲ್ ಚಾಲೆಂಜರ್ಸ್ ಬೆಂಗಳೂರು ಎಂದಾಯಿತು. ಅಂಗಿಯಲ್ಲಿ ಕಪ್ಪು ಹೋಗಿ ನೀಲಿ ಬಂತು. ಬೆಂಗಳೂರು ಕೊನೆಗೂ ಬೆಂಗಳೂರೇ ಆಯಿತಲ್ಲ ಎಂದು ಎಲ್ಲರಿಗೂ ಖುಷಿ. ನನಗೂ ಖುಷಿಯೇ. ಹದಿನೈದು ಸಾವಿರ ಕೊಟ್ಟು ಕೊಂಡ ಖುಷಿ.

ಜೆರ್ಸಿ ಬಾಡಿಗೆಗೆ ಕೊಡುತ್ತೇನೆ ಅಂದರೆ ಶಿವಮೊಗ್ಗದಲ್ಲಿ ಜನ ಈಗಲೂ ಎರಡೆರಡು ಸಲ ಕೇಳುತ್ತಾರೆ. ವಿಷಯ ಇಷ್ಟೇ. ತಿಂಗಳಿಗೆ ಇಂತಿಷ್ಟು ಚಂದಾ ಕಟ್ಟಿ. ನಿಮಗೆ ಬೇಕಾದ ಜೆರ್ಸಿ ಒಯ್ಯಿರಿ. ಸಾಕೆನಿಸಿದಾಗ ತಂದುಕೊಟ್ಟು ಇನ್ನೊಂದು ಒಯ್ಯಿರಿ. ತೊಳೆಯುವುದು ನನ್ನ ತಲೆನೋವು. ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ, ಜಾಹೀರಾತು ಆಗಿಬಿಡುತ್ತದೆ. ಅದೂ ಅಲ್ಲದೆ, ಇದನ್ನು ಓದಿದ ಮೇಲೆ ನೀವು ಬರುತ್ತೀರಿ ಅನ್ನುವ ನಂಬಿಕೆಯೂ ನನಗಿಲ್ಲ.

ಈ ಯೋಚನೆ ಹುಟ್ಟಿದ್ದು ನವುಲೆಯ ಮೈದಾನದಲ್ಲಿ. 2024ರ ಜನವರಿ, ಕೂಚ್ ಬೆಹಾರ್ ಟ್ರೋಫಿಯ ಫೈನಲ್. ಹತ್ತೊಂಬತ್ತು ವರ್ಷದೊಳಗಿನ ಹುಡುಗರ ಪಂದ್ಯ, ಕರ್ನಾಟಕಕ್ಕೂ ಮುಂಬೈಗೂ. ನಾನು ಹೋಗಿದ್ದು ಸುಮ್ನೆ, ಅಣ್ಣನ ಮಗನನ್ನು ಕರೆದುಕೊಂಡು. ಪ್ರಖರ್ ಚತುರ್ವೇದಿ ಅನ್ನುವ ಹುಡುಗ ಔಟೇ ಆಗದೆ 404 ರನ್ ಹೊಡೆದ. ಕರ್ನಾಟಕದ ಮೊತ್ತ 8 ವಿಕೆಟ್ಟಿಗೆ 890. ಆ ಟ್ರೋಫಿಯ ಫೈನಲ್‌ನಲ್ಲಿ ನಾಲ್ಕುನೂರು ದಾಟಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ನಮ್ಮೂರಿನಲ್ಲಿ, ನಮ್ಮ ಕಣ್ಣೆದುರಿಗೇ ಆಗಿದ್ದು.

ನಾನು ಕೂತಿದ್ದ ಕಡೆ ಟೋಪಿ ಹಾಕಿದ ನಾಲ್ಕು ಜನ ನಿವೃತ್ತ ಮೇಷ್ಟ್ರುಗಳು, ಒಂದಷ್ಟು ಕಾಲೇಜು ಹುಡುಗರು, ಕಡಲೆಕಾಯಿ ಮಾರುವವನು ಇದ್ದರು. ಒಬ್ಬರ ಮೈಮೇಲೂ ಜೆರ್ಸಿ ಇರಲಿಲ್ಲ. ಇದೇ ಹುಡುಗರು ಏಪ್ರಿಲ್ ಬಂದರೆ ಹಾಸ್ಟೆಲ್ಲಿನ ಟಿವಿ ಮುಂದೆ ಕೆಂಪಂಗಿ ತೊಟ್ಟು, ಮುಖಕ್ಕೆ ಬಣ್ಣ ಬಳಿದು ಕೂರುತ್ತಾರೆ. ಪಂದ್ಯ ನಡೆಯುವುದು ಮುನ್ನೂರು ಕಿಲೋಮೀಟರ್ ದೂರದಲ್ಲಿ. ಮೈದಾನದ ಅಂಚಿನಲ್ಲಿ ಕೂತವರಿಗೆ ಅಂಗಿ ಬೇಕಿಲ್ಲ, ದೂರ ಇರುವವರಿಗೇ ಅದು ಬೇಕು ಅಂತ ಅವತ್ತು ನನಗೆ ಅನಿಸಿತು. ಹಾಗಾದರೆ ನಮ್ಮಷ್ಟು ದೂರ ಇರುವವರು ಯಾರಿದ್ದಾರೆ? ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ಮನೆಯಿಂದ ಮನೆಗೇ ಅರ್ಧ ಕಿಲೋಮೀಟರ್. ಗಿರಾಕಿಗಳಿಗೇನು ಬರ ಅಂದುಕೊಂಡೆ.

ಹಿಂದೆ ಅಭಿಮಾನಿಗೆ ಅಂಗಿ ಅಂತ ಒಂದು ಇರಲೇ ಇಲ್ಲ, ನೋಡಿ. ನಮ್ಮ ಭದ್ರಾವತಿಯಲ್ಲೇ ಹುಟ್ಟಿದ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟಿನಲ್ಲೇ 137 ಹೊಡೆದಾಗ ತೊಟ್ಟಿದ್ದು ಬಿಳಿ ಅಂಗಿ. ಬೆನ್ನಿಗೆ ಹೆಸರಿಲ್ಲ, ನಂಬರಿಲ್ಲ. ಅಂಥದ್ದೊಂದು ಬಿಳಿ ಅಂಗಿ ಅಪ್ಪಯ್ಯನ ಹತ್ತಿರವೂ ಇತ್ತು, ಮದುವೆ ಮನೆಗೆ ಹಾಕಿಕೊಂಡು ಹೋಗುತ್ತಿದ್ದರು. ವಿಶ್ವಕಪ್ಪಿಗೆ ಬಣ್ಣದ ಅಂಗಿ ಬಂದಿದ್ದೇ 1992ರಲ್ಲಿ. ಅಲ್ಲಿಯವರೆಗೆ ವಿಶ್ವನಾಥ್ ಅಭಿಮಾನಿ ಅನ್ನಿಸಿಕೊಳ್ಳಲು ಒಂದು ರೇಡಿಯೋ ಇದ್ದರೆ ಸಾಕಿತ್ತು.

ಚಂದಾ ಕಟ್ಟಿ ಬಾಡಿಗೆ ತರುವುದೂ ನನಗೆ ಹೊಸದೇನಲ್ಲ. ನಾನು ಚಿಕ್ಕವಳಿದ್ದಾಗ ತೀರ್ಥಹಳ್ಳಿಯಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಅಮ್ಮ ತಿಂಗಳಿಗೆ ಹತ್ತು ರೂಪಾಯಿ ಕಟ್ಟುತ್ತಿದ್ದಳು. ಎರಡು ದಿನಕ್ಕೊಮ್ಮೆ ಒಬ್ಬ ಹುಡುಗ ಸೈಕಲ್ಲಿನಲ್ಲಿ ಬಂದು ಕಾದಂಬರಿ ಬದಲಿಸಿ ಕೊಡುತ್ತಿದ್ದ. ರಟ್ಟು ಹಾಕಿ, ಬೆನ್ನಿಗೆ ನಂಬರ್ ಅಂಟಿಸಿದ ಕಾದಂಬರಿ. ನಡುವೆ ಯಾರೋ ಹಾಕಿದ ಅಡಿಗೆರೆ, ಯಾರದೋ ಮನೆಯ ಸಾರಿನ ಕಲೆ. ಅಮೆರಿಕದ ನೆಟ್‌ಫ್ಲಿಕ್ಸ್ 1998ರಲ್ಲಿ ಅಂಚೆಯಲ್ಲಿ ಡಿವಿಡಿ ಬಾಡಿಗೆಗೆ ಕಳಿಸಲು ಶುರುಮಾಡಿ, ಮರುವರ್ಷ ತಿಂಗಳ ಚಂದಾ ತಂದಿತು ಎಂದು ಓದಿದಾಗ ನನಗೆ ನೆನಪಾಗಿದ್ದು ಆ ಸೈಕಲ್ಲಿನ ಹುಡುಗ. ಬಟ್ಟೆ ಬಾಡಿಗೆಯಲ್ಲಿ ಅಲ್ಲಿ ಹೆಸರು ಮಾಡಿದ್ದು ರೆಂಟ್ ದ ರನ್‌ವೇ. 2009ರಲ್ಲಿ ಹುಟ್ಟಿದ ಕಂಪನಿ. 2016ರಲ್ಲಿ ತಿಂಗಳಿಗೆ ಒಂದು ಮೊತ್ತ ಕಟ್ಟಿ ಎಷ್ಟು ಸಲ ಬೇಕಾದರೂ ಬಟ್ಟೆ ಬದಲಿಸಿ ಅಂದಿತು. 2020ರಲ್ಲಿ ಆ ಲೆಕ್ಕವಿಲ್ಲದ ಚಂದಾವನ್ನು ನಿಲ್ಲಿಸಿಬಿಟ್ಟಿತು. ನಾನು ಮೊದಲ ಎರಡು ಸಂಗತಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೂರನೆಯದನ್ನು ಓದಿ ಪುಟ ತಿರುಗಿಸಿದೆ.

ಮನೆಯಲ್ಲಿ ಮೊದಲು ಬಾಯಿ ತೆಗೆದಿದ್ದು ಅತ್ತೆ.

“ಯಾರೋ ಬೆವರು ಸುರಿಸಿದ ಅಂಗೀನ ಇನ್ನೊಬ್ರು ಹಾಕ್ಕೊಳ್ತಾರೇನೇ? ನಮ್ಮಲ್ಲಿ ಮಡಿಬಟ್ಟೆ ಒಣಗಿಸಿದ ಗಳ ಮುಟ್ಟಿದ್ರೇ ಬೈಸ್ಕೊಳ್ತಿದ್ವಿ.”

ಇವರು ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ಅದೇ ಪ್ರಶ್ನೆ ನನಗೂ ಇತ್ತು. ಎರಡು ದಿನ ಬಿಟ್ಟು ಅತ್ತೆಯೇ ಅದಕ್ಕೊಂದು ದಾರಿ ಹುಡುಕಿದರು. “ಅಲ್ವೇ, ಯಕ್ಷಗಾನದವರ ವೇಷ ಎಷ್ಟು ಜನರ ಮೈಮೇಲೆ ಹೋಗಿ ಬಂದಿರಲ್ಲ? ಅದಕ್ಯಾರು ಮೈಲಿಗೆ ಅಂತಾರೆ? ವೇಷ ಅಂದ್ಕೊಂಡ್ರೆ ಆಯ್ತಪ್ಪ.” ಆಮೇಲೆ ಎರಡು ವರ್ಷದಲ್ಲಿ ನಾನು ಕೇಳಿದ ಸಲಹೆಗಳಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಜೆರ್ಸಿಯನ್ನು ಅಂಗಿ ಅಂದುಕೊಂಡವರು ನನ್ನ ಹತ್ತಿರ ಬರುವುದಿಲ್ಲ, ಕೊಂಡುಕೊಳ್ಳುತ್ತಾರೆ. ವೇಷ ಅಂದುಕೊಂಡವರು ಬರುತ್ತಾರೆ.

ಇನ್ನು ದುಡ್ಡಿನ ಲೆಕ್ಕ. ಭಾರತ ತಂಡದ ಅಂಗಿ 2023ರ ಜೂನ್‌ನಲ್ಲಿ ಅಡಿಡಾಸ್ ಕೈಗೆ ಬಂದಾಗ ಮೂರು ದರ್ಜೆ ಮಾಡಿದ್ದರು. ಆಟಗಾರರು ತೊಡುವಂಥದ್ದು 4,999, ಅದರ ಪ್ರತಿ 2,999, ಅಭಿಮಾನಿಗಳದ್ದು 999. ನಾನು ತಂದಿದ್ದು ಜಾಸ್ತಿ 999ರದ್ದೇ. ಚಂದಾ ತಿಂಗಳಿಗೆ 199, ಠೇವಣಿ 300. ಒಂದು ಜೆರ್ಸಿ ಮೂವತ್ತು ಸಲ ತೊಳೆದರೂ ತಡೆಯುತ್ತದೆ, ಅಷ್ಟರಲ್ಲಿ ಹತ್ತು ಕೈ ಬದಲಾದರೆ ಅಸಲು ಬಂದು ಲಾಭವೂ ಬರುತ್ತದೆ ಎಂದು ಲೆಕ್ಕ ಹಾಕಿದ್ದೆ. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಕಂಪ್ಯೂಟರಿನಲ್ಲಿ ಇಂಥ ಲೆಕ್ಕಗಳನ್ನೇ ಮಾಡಿದವಳು ನಾನು. ಕಾಗದದ ಮೇಲೆ ಬಹಳ ಚಂದ ಕಾಣುತ್ತಿತ್ತು.

ಅದನ್ನು ಒಡೆದಿದ್ದು ವಿನೋಬನಗರದ ಪಿಯುಸಿ ಹುಡುಗ. “ಆಂಟಿ, ಐದು ತಿಂಗಳು ಕಟ್ಟಿದ್ರೆ 995. ಹೊಸದೇ ಬರತ್ತಲ್ವಾ?” ಬರುತ್ತದೆ. ಅವನು ಇನ್ನೊಂದು ಮಾತು ಹೇಳಲಿಲ್ಲ, ಆದರೆ ಅವನ ಕಣ್ಣಲ್ಲಿ ಇತ್ತು. ಗಾಂಧಿ ಬಜಾರಿನ ಕಡೆ ಹೋದರೆ ಇನ್ನೂರೈವತ್ತಕ್ಕೆ ಡೂಪ್ಲಿಕೇಟ್ ಸಿಗುತ್ತದೆ. ನನ್ನ ಒಂದು ತಿಂಗಳ ಚಂದಾಕ್ಕೆ ಇನ್ನೊಂದು ಐವತ್ತು ಸೇರಿಸಿದರೆ ಅಂಗಿ ಶಾಶ್ವತವಾಗಿ ಅವನದೇ. ನಾಲ್ಕು ಸಲ ತೊಳೆದರೆ ಕೆಂಪು ಗುಲಾಬಿಯಾಗುತ್ತದೆ, ಅದು ಬೇರೆ ಮಾತು.

ನಾನೂ ಡೂಪ್ಲಿಕೇಟ್ ತಂದು ಬಾಡಿಗೆಗೆ ಬಿಡಬಹುದಿತ್ತು. ‘ಫಸ್ಟ್ ಕಾಪಿ’ ಅಂತ ಫೋಟೊ ಕಳಿಸುವವರು ದಿನಕ್ಕಿಬ್ಬರು. ವಕೀಲಿಕೆ ಮಾಡುವ ಚಿಕ್ಕಪ್ಪನ ಮಗ ಬೇಡ ಅಂದ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 104ನೇ ಕಲಮು ತೋರಿಸಿದ. ನಕಲಿ ಗುರುತಿನ ಮಾಲು ಮಾರುವವರಿಗೆ ಮಾತ್ರ ಅಲ್ಲ, ಬಾಡಿಗೆಗೆ ಕೊಡುವವರಿಗೂ ಅದು ಅನ್ವಯಿಸುತ್ತದೆ. ಆರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ದುಡ್ಡು ಕೊಟ್ಟು ಕೊಂಡ ಅಸಲಿ ಮಾಲನ್ನು ಹಾಗೇ ಬೇರೆಯವರಿಗೆ ಕೊಟ್ಟರೆ ತೊಂದರೆಯಿಲ್ಲ ಅಂದ. ಹಾಗಾಗಿ ನನ್ನ ಹತ್ತಿರ ಇರುವುದೆಲ್ಲ ಅಸಲಿ. ಇದನ್ನು ಬೋರ್ಡಿನಲ್ಲಿ ದೊಡ್ಡದಾಗಿ ಬರೆಸಿದ್ದೆ. ಬೋರ್ಡ್ ನೋಡಿ ಯಾರೂ ಬಂದ ನೆನಪಿಲ್ಲ.

ಆದರೂ ಮೊದಲ ತಿಂಗಳು ನಲವತ್ತೊಂದು ಜನ ಸೇರಿದರು. ಜೆಎನ್‌ಎನ್‌ಸಿಇ ಎಂಜಿನಿಯರಿಂಗ್ ಕಾಲೇಜಿನ ಕಡೆಯ ಹುಡುಗರು, ಸಹ್ಯಾದ್ರಿ ಕಾಲೇಜಿನವರು, ಎರಡು ಬ್ಯಾಂಕ್ ಗುಮಾಸ್ತರು. ತೀರ್ಥಹಳ್ಳಿ, ಸಾಗರದ ಗಿರಾಕಿಗಳಿಗೆ ಪೊಟ್ಟಣ ಬಸ್ಸಿನಲ್ಲಿ ಹೋಗುತ್ತಿತ್ತು. ಕೊರಿಯರ್ ಅಂದರೆ ಒಂದು ಸಲಕ್ಕೆ ಅರವತ್ತು. ಕಂಡಕ್ಟರ್ ಕೈಗೆ ಕೊಟ್ಟರೆ ಇಪ್ಪತ್ತು, ಪರಿಚಯದವನಾದರೆ ಒಂದು ಕಾಫಿ. ಅಲ್ಲಿ ಬಸ್‌ಸ್ಟ್ಯಾಂಡಿನ ಹೂವಿನ ಅಂಗಡಿಯಲ್ಲಿ ಇಳಿಸುತ್ತಿದ್ದರು. ಒಂದು ಸಲ ಕೊಪ್ಪಕ್ಕೆ ಹೋಗಬೇಕಿದ್ದ ರೋಹಿತ್ ಶರ್ಮ ಶೃಂಗೇರಿ ನೋಡಿಕೊಂಡು ಬಂದ.

ಆಮೇಲೆ ಐಪಿಎಲ್ ಶುರುವಾಯಿತು, ಆರ್‌ಸಿಬಿ ಸೋಲತೊಡಗಿತು.

ಚಂದಾ ಎಂಬುದು ಜನ ಮರೆತಾಗ ನಡೆಯುವ ವ್ಯಾಪಾರ. ಕಟ್ಟುತ್ತಿದ್ದೇವೆ ಅನ್ನುವುದೇ ನೆನಪಿರಬಾರದು. ಆದರೆ ನಮ್ಮಲ್ಲಿ ಯುಪಿಐ ಆಟೊಪೇ ದುಡ್ಡು ಕಡಿಯುವ ಮೊದಲು ಗಿರಾಕಿಗೆ ಒಂದು ದಿನ ಮುಂಚೆಯೇ ಮೆಸೇಜ್ ಹೋಗಬೇಕು, ಅದು ರಿಸರ್ವ್ ಬ್ಯಾಂಕಿನ ನಿಯಮ. ಗಿರಾಕಿಯಾಗಿ ನನಗೆ ಈ ನಿಯಮ ಬಹಳ ಇಷ್ಟ. ಅಂಗಡಿಯವಳಾಗಿ ಹೇಳಬೇಕೆಂದರೆ ಎದೆ ಉರಿಯುತ್ತದೆ. ನಾನು ಎಲ್ಲರಿಗೂ 25ನೇ ತಾರೀಖು ಇಟ್ಟಿದ್ದೆ. ಏಪ್ರಿಲ್ 21ಕ್ಕೆ ಆರ್‌ಸಿಬಿ ಕೋಲ್ಕತ್ತಾದಲ್ಲಿ ಒಂದೇ ಒಂದು ರನ್ನಿನಿಂದ ಸೋತಿತು. ಎಂಟು ಪಂದ್ಯಗಳಲ್ಲಿ ಏಳನೇ ಸೋಲು. 24ಕ್ಕೆ ನಲವತ್ತೊಂದು ಜನರ ಫೋನಿಗೂ ‘ನಾಳೆ ನಿಮ್ಮ ಖಾತೆಯಿಂದ 199’ ಎಂದು ಹೋಯಿತು. ರಾತ್ರಿಯೊಳಗೆ ಇಪ್ಪತ್ತಾರು ಜನ ರದ್ದು ಮಾಡಿದರು. 25ರ ಸಂಜೆ ಹೈದರಾಬಾದಿನಲ್ಲಿ ತಂಡ ಗೆದ್ದಿತು. ಅದೂ ಸೇರಿ ಸಾಲಾಗಿ ಐದು ಗೆಲುವು. ಮೇ 18ರಂದು ಚೆನ್ನೈ ವಿರುದ್ಧ ಪಂದ್ಯ. ಕೊನೆಯ ನಾಲ್ಕು ತಂಡಗಳ ಪ್ಲೇಆಫ್‌ಗೆ ಹೋಗಬೇಕಾದರೆ ಬರೀ ಗೆದ್ದರೆ ಸಾಲದು, 18 ರನ್ ಅಂತರ ಬೇಕು ಅನ್ನುವ ಲೆಕ್ಕ. ರದ್ದು ಮಾಡಿದ್ದವರಲ್ಲಿ ಹತ್ತೊಂಬತ್ತು ಜನ ಅವತ್ತು ಬೆಳಿಗ್ಗೆ ಏಳು ಗಂಟೆಗೆ ನಮ್ಮ ಗೇಟಿನ ಮುಂದಿದ್ದರು. ಎಲ್ಲರಿಗೂ ಬೇಕಾದ್ದು ಒಂದೇ, ವಿರಾಟ್ ಕೊಹ್ಲಿಯದ್ದು. ಹದಿನೆಂಟು ನಂಬರು, ಎಲ್ ಸೈಜು.

ನನ್ನ ಹತ್ತಿರ ಅದು ಇದ್ದದ್ದು ಆರು. ಉಳಿದವರಿಗೆ ಬೇರೆ ಜೆರ್ಸಿ ತೋರಿಸಿದೆ. ಇಂಡಿಯಾದ್ದು, ಬೆಂಗಳೂರು ಬುಲ್ಸ್ ಕಬಡ್ಡಿಯದ್ದು, ಬೆಂಗಳೂರು ಎಫ್‌ಸಿಯದ್ದು. ಹಸಿದವನಿಗೆ ಎಲೆಯ ತುದಿಗೆ ಉಪ್ಪು ಬಡಿಸಿದ ಹಾಗೆ ನೋಡಿದರು.

ಆ ಬೆಳಿಗ್ಗೆಯೇ ನನಗೆ ತೀರ್ಥಹಳ್ಳಿಯ ಲೈಬ್ರರಿ ಯಾಕೆ ನಡೆಯಿತು ಅನ್ನುವುದು ತಿಳಿದದ್ದು. ಒಂದೇ ಕಾದಂಬರಿ ಊರಿನ ಎಲ್ಲ ಹೆಂಗಸರಿಗೂ ಒಂದೇ ಮಧ್ಯಾಹ್ನ ಬೇಕಾಗುತ್ತಿರಲಿಲ್ಲ. ಅಮ್ಮ ಈ ವಾರ ಓದಿದ್ದನ್ನು ಪಕ್ಕದ ಮನೆಯವರು ಮುಂದಿನ ತಿಂಗಳು ಓದಿದರೂ ಕಥೆ ಹಳಸುತ್ತಿರಲಿಲ್ಲ. ಶಾಮಿಯಾನದವನೂ ಹಾಗೇ. ಲಗ್ನದ ದಿನಗಳು ಕೂಡಿ ಬಂದಾಗ ಅವನೂ ಒದ್ದಾಡುತ್ತಾನೆ, ಆದರೆ ವರ್ಷದಲ್ಲಿ ಅಂಥ ದಿನ ಹತ್ತಾರು ಇರುತ್ತವೆ. ನನ್ನದು ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನ ಪಾಡು. ಅಡಿಕೆ ಕೊಯ್ಲಿನ ವಾರ ಬಂದರೆ ಎಲ್ಲ ತೋಟಕ್ಕೂ ಅವನೇ ಬೇಕು, ಅದೇ ದಿನ ಬೇಕು. ಉಳಿದಂತೆ ಅವನನ್ನು ಕೇಳುವವರಿಲ್ಲ. ವ್ಯತ್ಯಾಸ ಏನೆಂದರೆ ಕೊನೆಗೌಡ ಆ ವಾರ ಕೂಲಿ ಏರಿಸುತ್ತಾನೆ. ನಾನು ತಿಂಗಳಿಗೆ 199 ಎಂದು ಬರೆದುಕೊಟ್ಟು ಕೈಕಟ್ಟಿ ಕೂತಿದ್ದೆ.

ಎಲ್ ಸೈಜು ಜಾಸ್ತಿ ತಂದಿಟ್ಟುಕೋ ಅಂದರು ಇವರು. ತರಬಹುದು. ಆದರೆ ಆ ಒಂದು ಸಂಜೆಗಾಗಿ ತಂದ ಅಂಗಿ ಉಳಿದ ದಿನವೆಲ್ಲ ಸ್ಟ್ಯಾಂಡಿನಲ್ಲಿ ಜೋತಾಡುತ್ತದೆ. ಅಷ್ಟರಲ್ಲಿ ಹೊಸ ಸೀಸನ್ನಿನ ಹೊಸ ಬಣ್ಣ ಬಂದಿರುತ್ತದೆ.

ತೊಳೆಯುವ ಕಥೆ ಹೇಳದಿದ್ದರೆ ನನ್ನ ಬೆನ್ನಿಗೆ ಮೋಸ ಮಾಡಿದಂತೆ. ಜೆರ್ಸಿ ಅಂದರೆ ಪಾಲಿಯೆಸ್ಟರ್. ನೀರು ಹೀರುವುದಿಲ್ಲ, ಬೇಗ ಒಣಗುತ್ತದೆ, ಅದು ಒಳ್ಳೆಯದು. ಆದರೆ ಮೈಯ ಎಣ್ಣೆ, ಬೆವರಿನ ಜಿಡ್ಡನ್ನು ಬಿಡುವುದೇ ಇಲ್ಲ. ವಾಸನೆ ಹುಟ್ಟಿಸುವ ಸೂಕ್ಷ್ಮಜೀವಿಗಳಿಗೆ ಆ ಜಿಡ್ಡೇ ಊಟ. ಹೊರಗಿನಿಂದ ಪರಿಮಳ ಬರುವ ಅಂಗಿ, ತೊಟ್ಟು ಹತ್ತು ನಿಮಿಷಕ್ಕೆ ಮೈ ಬಿಸಿಯಾದ ಕೂಡಲೇ ಹಿಂದಿನವನ ಕಂಕುಳಿನ ಕಥೆ ಹೇಳತೊಡಗುತ್ತದೆ. ಬಿಸಿನೀರಿಗೆ ಹಾಕೋಣ ಅಂದರೆ ಬೆನ್ನಿನ ನಂಬರ್ ಏಳುತ್ತದೆ. ಕಂಫರ್ಟ್ ಥರದ್ದು ಹಾಕಿದರೆ ಅದೇ ಒಂದು ಪದರವಾಗಿ ಕೂತು ಜಿಡ್ಡನ್ನು ಇನ್ನೂ ಹಿಡಿದಿಡುತ್ತದೆ. ಕೊನೆಗೆ ಗೊತ್ತಾಗಿದ್ದು ಇಷ್ಟು. ಒಳಮೈ ಹೊರಗೆ ಮಾಡಿ, ತಣ್ಣೀರಿಗೆ ವಿನೆಗರ್ ಬೆರೆಸಿ ಅರ್ಧ ಗಂಟೆ ನೆನೆಹಾಕಬೇಕು. ಆಮೇಲೆ ಸೋಪು ಕಡಿಮೆ, ನೀರು ಜಾಸ್ತಿ. ಇಸ್ತ್ರಿ ಅಂತೂ ಪ್ರಿಂಟಿನ ಮೇಲೆ ಮುಟ್ಟಿಸಲೇಬಾರದು. ಬಣ್ಣ ಬಟ್ಟೆಯೊಳಗೇ ಇಳಿದಿರುವ ಪ್ರಿಂಟ್ ಆದರೆ ಚಿಂತೆಯಿಲ್ಲ. ಶಾಖ ಕೊಟ್ಟು ಅಂಟಿಸಿದ ಅಕ್ಷರ ಇಪ್ಪತ್ತೈದನೇ ಒಗೆತಕ್ಕೆ ಕೆರೆಯ ತಳದ ಹಾಗೆ ಬಿರಿಯುತ್ತದೆ.

ಇಷ್ಟೆಲ್ಲ ಬೇಸಿಗೆಯ ಮಾತು. ಜೂನ್ ಬಂತಾ, ಮುಗಿಯಿತು. ಶಿವಮೊಗ್ಗದ ಮಳೆ ಆಗುಂಬೆಯ ಮಳೆಯಲ್ಲ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಆ ಊರಿನವರು ನಮ್ಮದನ್ನು ತುಂತುರು ಅಂತಾರೆ. ಆದರೂ ತಾರಸಿಯಲ್ಲಿ ಬಟ್ಟೆ ಒಣಗಿಸಲಾಗದಷ್ಟು ಸಾಕು. ಮನೆಯೊಳಗೆ ಹಗ್ಗ ಕಟ್ಟಿದೆ. ಮೂರನೇ ದಿನ ಇಡೀ ಮನೆ ಮುಗ್ಗಲು ವಾಸನೆ. ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕೋಣವೇ ಅಂದರು ಅತ್ತೆ, ಹಳೇ ಅಭ್ಯಾಸ. ಕೊಹ್ಲಿಗೆ ಹೊಗೆ ಹಾಕಿದ ಹಾಗಾಗುತ್ತದೆ ಬೇಡ ಅಂದೆ. ಕೊನೆಗೆ ನೆನಪಾಗಿದ್ದು ತವರುಮನೆಯ ಅಡಿಕೆ ಒಣಗಿಸುವ ಮನೆ. ಮೇಲೆ, ಪಕ್ಕಕ್ಕೆ ದಪ್ಪ ಪ್ಲಾಸ್ಟಿಕ್ ಹೊದೆಸಿದ ಚಪ್ಪರ. ಮೋಡದ ಬಿಸಿಲಿಗೂ ಒಳಗೆ ಬೆಚ್ಚಗಿರುತ್ತದೆ. ಅಡಿಕೆ ಕೊಯ್ಲು ಶುರುವಾಗುವುದು ನವರಾತ್ರಿ ಹೊತ್ತಿಗೆ, ಅಲ್ಲಿಯವರೆಗೆ ಅದು ಖಾಲಿ. ವಾರಕ್ಕೆರಡು ದಿನ ಮೂಟೆ ಕಟ್ಟಿ ಕಳಿಸತೊಡಗಿದೆ.

ಮೊದಲ ಮೂಟೆಯನ್ನು ಅಮ್ಮ ತನಗೆ ಗೊತ್ತಿರುವಂತೆ ಒಣಹಾಕಿದಳು, ಅಂದರೆ ಅಡಿಕೆ ಹರಡುವ ತಟ್ಟಿಯ ಮೇಲೆ. ವರ್ಷಗಳಿಂದ ಚೊಗರು, ಅಂದರೆ ಅಡಿಕೆ ಬೇಯಿಸಿದ ಕಂದು ರಸ, ಕುಡಿದ ತಟ್ಟಿ. ಒದ್ದೆ ಬಟ್ಟೆ ತಾಗಿದ್ದೇ ತಡ, ಚೊಗರು ಇಳಿಯಿತು. ಅವತ್ತು ಮೂಟೆಯಲ್ಲಿ ಇದ್ದದ್ದು ಜಾಸ್ತಿ ಚೆನ್ನೈನ ಹಳದಿ ಜೆರ್ಸಿಗಳು. ಬೆನ್ನ ಮೇಲೆ ಬಿದಿರಿನ ಪಟ್ಟಿ ಪಟ್ಟಿ ಕಂದು ಗೆರೆ, ಹುಲಿಯ ಹಾಗೆ. ಚೊಗರಿನ ಕಲೆ ಹೋಗುವುದಿಲ್ಲ ಅಂತ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಣ್ಣ ಅವನ್ನು ನೋಡಿ ಧೋನಿ ಹುಲಿವೇಷ ಹಾಕಿದ್ದಾನೆ ಅಂದ. ಅವನ ತೋಟದಲ್ಲಿ ಔಷಧಿ ಹೊಡೆಯುವವರು ಈಗ ಅವನ್ನೇ ತೊಡುತ್ತಾರೆ.

ಚೆನ್ನೈ ಜೆರ್ಸಿ ನಮ್ಮೂರಲ್ಲಿ ಯಾರಿಗೆ ಬೇಕು ಅಂತ ಕೇಳಬೇಡಿ. ಅದೇ ನನ್ನ ಗಟ್ಟಿ ಆದಾಯ. ಆರ್‌ಸಿಬಿ ಮನೆಯಲ್ಲಿ ಹುಟ್ಟಿ ಧೋನಿಯನ್ನು ಮೆಚ್ಚಿದ ಹುಡುಗರು ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದ್ದಾರೆ. ಕೊಂಡು ಮನೆಯಲ್ಲಿಡುವ ಹಾಗಿಲ್ಲ. ದುರ್ಗಿಗುಡಿಯ ಒಬ್ಬ ಹುಡುಗ ನಮ್ಮಲ್ಲಿ ಬಂದು ಅಂಗಿ ಬದಲಿಸಿ, ಗೆಳೆಯನ ರೂಮಿಗೆ ಹೋಗಿ ಪಂದ್ಯ ನೋಡಿ, ರಾತ್ರಿ ವಾಪಸ್ ಬಂದು ಕಳಚಿಟ್ಟು ಹೋಗುತ್ತಿದ್ದ. ಒಂದು ದಿನ ಅವನ ಅಪ್ಪನೂ ಬಂದರು, ಆರ್‌ಸಿಬಿ ಜೆರ್ಸಿ ಕೇಳಿಕೊಂಡು. ಹುಡುಗ ಒಳಕೋಣೆಯಲ್ಲಿ ಹಳದಿ ತೊಟ್ಟು ಅರ್ಧ ಗಂಟೆ ಕೂತಿದ್ದ. ನಾನು ಅಪ್ಪನಿಗೆ ಟೀ ಕೊಡಲಿಲ್ಲ, ಬೇಗ ಹೋಗಲಿ ಎಂದು.

2025ರ ಸೀಸನ್ ಹೊತ್ತಿಗೆ ಸ್ವಲ್ಪ ಬುದ್ಧಿ ಬಂದಿತ್ತು. ಚಂದಾದವರಿಗೆ ಮೊದಲ ಹಕ್ಕು, ಉಳಿದವರಿಗೆ ದಿನದ ಬಾಡಿಗೆ 80, ಪಂದ್ಯದ ಮರುದಿನ ವಾಪಸ್. ಆದರೆ ಈ ಸಲ ಅಂಗಿಗಳು ವಾಪಸ್ಸೇ ಬರಲಿಲ್ಲ. ಆ ವರ್ಷ ಆರ್‌ಸಿಬಿ ಲೀಗ್ ಹಂತದಲ್ಲಿ ಹೊರಗಿನ ಊರಿನ ಏಳಕ್ಕೆ ಏಳೂ ಪಂದ್ಯ ಗೆದ್ದಿತು, ಯಾವ ತಂಡವೂ ಹಿಂದೆ ಮಾಡದ ಕೆಲಸ. ಗೆಲ್ಲುತ್ತಿರುವಾಗ ಅಂಗಿ ಬದಲಿಸುವವರು ಯಾರು? ಫೋನ್ ಮಾಡಿದರೆ “ಅಕ್ಕ, ಬೇಕಾದ್ರೆ ಇನ್ನೊಂದು ವಾರದ್ದು ಕೊಡ್ತೀನಿ, ತೊಳೆಯೋಕೆ ಮಾತ್ರ ಕೇಳ್ಬೇಡಿ” ಅನ್ನುತ್ತಿದ್ದರು. ಅತ್ತೆ ಹೇಳಿದ ವೇಷ ಇವರ ಮೈಗೆ ಅಂಟಿಕೊಂಡು ಅಂಗಿಯಾಗುತ್ತಿತ್ತು. ತಡವಾದದ್ದಕ್ಕೆ ದಿನಕ್ಕೆ ಹತ್ತು ರೂಪಾಯಿ ದಂಡ ಅಂದೆ. ಸಂತೋಷವಾಗಿ ಕಟ್ಟಿದರು. ನನಗೆ ಲಾಭ ಬಂದ ಒಂದೇ ತಿಂಗಳು ಅದು, ಅದೂ ದಂಡದಿಂದ.

ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬ್ ಮೇಲೆ 6 ರನ್ನಿನ ಗೆಲುವು. ಹದಿನೆಂಟನೇ ಸೀಸನ್ನಿಗೆ ಕಪ್ ಬಂತು. ಸ್ಟ್ಯಾಂಡಿನಲ್ಲಿ ಆ ಮೂವತ್ತು ‘ಬ್ಯಾಂಗಲೋರ್’ ಬಿಟ್ಟು ಒಂದೂ ಕೆಂಪಂಗಿ ಇರಲಿಲ್ಲ. ಹನ್ನೊಂದೂವರೆಗೆ ಯಾರೋ ಬಾಗಿಲು ಬಡಿದು ಅವನ್ನೂ ಒಂದು ಡಜನ್ ಒಯ್ದರು. ಗೋಪಿ ಸರ್ಕಲ್ ಕಡೆಯಿಂದ ಪಟಾಕಿ ಸದ್ದು ಬರುತ್ತಲೇ ಇತ್ತು.

ಮರುದಿನ ಮಧ್ಯಾಹ್ನದ ಮೇಲೆ ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಾಗಿ ಹನ್ನೊಂದು ಜನ ತೀರಿಕೊಂಡರು.

ಟಿವಿ ನೋಡುತ್ತಿದ್ದೆ. ಆರೂವರೆಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹೊಸನಗರ ಕಡೆಯ ಒಬ್ಬ ತಾಯಿ. ಮಗ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿದ್ದಾನೆ, ಫೋನ್ ತಾಗುತ್ತಿಲ್ಲ. ಅವನ ಮೇಜಿನ ಮೇಲೆ ನನ್ನ ಬಾಡಿಗೆ ಚೀಟಿ ಸಿಕ್ಕಿದೆ. “ನಿಮ್ಮ ಹತ್ರ ಅಂಗಿ ತಗೊಂಡು ಹೋಗಿದಾನಂತಲ್ಲ, ನಿಮ್ಗೇನಾದ್ರೂ ಗೊತ್ತೇನಮ್ಮ?” ನನಗೇನು ಗೊತ್ತಿರುತ್ತದೆ? ರಿಜಿಸ್ಟರ್ ತೆಗೆದು ನೋಡಿದೆ. ಅವತ್ತು ಹೊರಗಿದ್ದ ಜೆರ್ಸಿಗಳು ಎಪ್ಪತ್ತಮೂರು. ಅವನ ಜೊತೆ ಬಂದಿದ್ದ ಇನ್ನಿಬ್ಬರ ನಂಬರ್ ಅದೇ ಪುಟದಲ್ಲಿತ್ತು. ನಾನೂ ಇವರೂ ಒಂದೊಂದು ಫೋನ್ ಹಿಡಿದು ಕೂತೆವು. ಒಂಬತ್ತು ಗಂಟೆಗೆ ಒಬ್ಬ ಎತ್ತಿದ. ಮೂವರೂ ಕ್ರೀಡಾಂಗಣದವರೆಗೆ ಹೋಗಲು ಆಗದೆ ಮೆಜೆಸ್ಟಿಕ್ಕಿಗೆ ವಾಪಸ್ ನಡೆಯುತ್ತಿದ್ದರು, ಚಾರ್ಜ್ ಮುಗಿದಿತ್ತು ಅಷ್ಟೇ. ಆ ತಾಯಿಗೆ ಹೇಳಿದೆ. ಅವರು ಏನೂ ಮಾತಾಡದೆ ಫೋನ್ ಇಟ್ಟರು. ಉಳಿದ ಎಪ್ಪತ್ತು ಹೆಸರುಗಳನ್ನು ಅವತ್ತು ರಾತ್ರಿ ಒಂದೊಂದಾಗಿ ಟಿಕ್ ಮಾಡಿ ಮುಗಿಸುವಾಗ ಎರಡು ಗಂಟೆ.

ಒಂದು ವಾರ ಯಾರೂ ಬರಲಿಲ್ಲ. ಆಮೇಲೆ ಒಬ್ಬೊಬ್ಬರೇ ತಂದು, ಬಾಗಿಲಲ್ಲೇ ಕೊಟ್ಟು ಹೋದರು. ಹೊಸನಗರದ ಹುಡುಗನ ಜೆರ್ಸಿ ಬಸ್ಸಿನಲ್ಲಿ ಬಂತು. ಅವನ ಅಮ್ಮ ತೊಳೆದು, ಗರಿಗರಿಯಾಗಿ ಇಸ್ತ್ರಿ ಮಾಡಿ, ಪೇಪರಿನಲ್ಲಿ ಸುತ್ತಿದ್ದರು. ಇಸ್ತ್ರಿಯ ಬಿಸಿಗೆ ಬೆನ್ನಿನ ಎಂಟು ಕರಗಿ ಪೇಪರಿಗೆ ಅಂಟಿತ್ತು. ಒಂದು ಮಾತ್ರ ಉಳಿದಿತ್ತು. ಅದನ್ನು ಯಾರಿಗೂ ಬಾಡಿಗೆಗೆ ಕೊಡಲಿಲ್ಲ.

ಆ ವರ್ಷ ಇನ್ನೊಂದು ಪೆಟ್ಟು ಬಾಕಿ ಇತ್ತು. ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಕಡಿವಾಣ ಹಾಕುವ ಕಾಯ್ದೆ ಬಂತು. ಅಂಥ ಆಟ ನಡೆಸುತ್ತಿದ್ದ ಪ್ರಾಯೋಜಕ ಡ್ರೀಮ್ ಇಲೆವೆನ್ ಹೆಸರು ಭಾರತದ ಅಂಗಿಯಿಂದ ಹೋಯಿತು. ಏಷ್ಯಾ ಕಪ್‌ನಲ್ಲಿ ಎದೆ ಖಾಲಿ. ಮುಂದೆ ಅಪೋಲೊ ಟೈರ್ಸ್ ಬಂತು. ನನ್ನ ಇಪ್ಪತ್ತೆರಡು ನೀಲಿ ಜೆರ್ಸಿಗಳು ದೆಹಲಿಯ ಒಂದು ನಿರ್ಧಾರಕ್ಕೆ ಮುದುಕಾದವು. ಸೋತರೆ ಗಿರಾಕಿ ಹೋಗುತ್ತಾನೆ, ಗೆದ್ದರೆ ಅಂಗಿ ಹಳತಾಗುತ್ತದೆ. 2022ರಲ್ಲಿ ಅರ್ಜೆಂಟೀನಾ ಫುಟ್‌ಬಾಲ್ ವಿಶ್ವಕಪ್ ಗೆದ್ದ ಕೂಡಲೇ ಅವರ ಅಂಗಿಗೆ ಮೂರನೇ ನಕ್ಷತ್ರ ಬಂತು, ಎರಡು ನಕ್ಷತ್ರದ್ದೆಲ್ಲ ಹಳೇ ಮಾಲು. ನಮ್ಮೂರಿನ ಕ್ರಿಕೆಟ್ ತಂಡದ ಕಥೆ ಇನ್ನೂ ಚಂದ. ಮಲ್ನಾಡ್ ಗ್ಲಾಡಿಯೇಟರ್ಸ್, ನಮ್ಮ ಶಿವಮೊಗ್ಗ, ಶಿವಮೊಗ್ಗ ಸ್ಟ್ರೈಕರ್ಸ್, ಈಗ ಶಿವಮೊಗ್ಗ ಲಯನ್ಸ್. ರಾಜ್ಯದ ಲೀಗ್ ಬದಲಾದಂತೆಲ್ಲ ಹೆಸರೂ ಬದಲು, ಅಂಗಿಯೂ ಬದಲು. ಲಯನ್ಸ್ ಜೆರ್ಸಿ ನನ್ನ ಹತ್ತಿರ ಒಂದಿದೆ. ಕೇಳಿದವರು ಇನ್ನೂ ಇಲ್ಲ.

ದೊಡ್ಡವರ ಚಂದಾವನ್ನು ದೀಪಾವಳಿಗೆ ನಿಲ್ಲಿಸಿದೆ. ಈಗ ಇರುವುದು ಮಕ್ಕಳದ್ದು ಮಾತ್ರ, ತಿಂಗಳಿಗೆ 99. ಇದು ನಾನು ಯೋಚಿಸಿ ಮಾಡಿದ್ದಲ್ಲ. ಅಣ್ಣನ ಮಗನಿಗೆ ಕೊಟ್ಟಿದ್ದ ಜೆರ್ಸಿ ಎಂಟು ತಿಂಗಳಿಗೆ ಹೊಟ್ಟೆ ಕಾಣುವಷ್ಟು ಗಿಡ್ಡವಾಯಿತು. ಬದಲಿಸಿ ಕೊಟ್ಟೆ. ಅವನದ್ದು ಪಕ್ಕದ ಮನೆಯ ಹುಡುಗನಿಗೆ ಸರಿಹೋಯಿತು. ಅವನ ಅಮ್ಮ ಇನ್ನಿಬ್ಬರು ಅಮ್ಮಂದಿರಿಗೆ ಹೇಳಿದರು. ನಾನು ಎರಡು ವರ್ಷ ಹುಡುಕಿದ್ದು ಅಲ್ಲಿತ್ತು. ಮಕ್ಕಳಿಗೂ ಪಂದ್ಯದ ಸಂಜೆ ಒಂದೇ, ಆದರೆ ಮೈ ಬೆಳೆಯುವುದು ಅವರವರ ಲೆಕ್ಕದಲ್ಲಿ. ಒಬ್ಬನಿಗೆ ಬಿಗಿಯಾಗುವ ಹೊತ್ತಿಗೆ ಇನ್ನೊಬ್ಬನಿಗೆ ಸಡಿಲ ಹೋಗಿರುತ್ತದೆ. ಮೈಲಿಗೆಯ ಪ್ರಶ್ನೆಯೂ ಇಲ್ಲ. ನಾವೆಲ್ಲ ಅಕ್ಕನ ಲಂಗ, ಅಣ್ಣನ ಅಂಗಿ ತೊಟ್ಟೇ ಬೆಳೆದವರು. ಈಗ ಮನೆಗೊಂದೇ ಮಗು, ಅಣ್ಣನ ಅಂಗಿ ಬೇರೆ ಬೀದಿಯಿಂದ ಬರುತ್ತದೆ ಅಷ್ಟೇ. ಐವತ್ತೆಂಟು ಮಕ್ಕಳಿದ್ದಾರೆ. ಸಂಬಳ ಅನ್ನುವಷ್ಟು ದುಡ್ಡಿಲ್ಲ, ನಷ್ಟವೂ ಇಲ್ಲ. ಮಕ್ಕಳ ಬೆವರಿಗೆ ವಿನೆಗರ್ ಬೇಡ, ಅದೇ ದೊಡ್ಡ ಲಾಭ.

2025ರ ನವೆಂಬರಿನಲ್ಲಿ, ಭಾರತದ ಹೆಣ್ಣುಮಕ್ಕಳು ನವಿ ಮುಂಬೈಯಲ್ಲಿ ವಿಶ್ವಕಪ್ ಗೆದ್ದ ವಾರ, ಒಬ್ಬ ತಂದೆ ಮಗಳನ್ನು ಕರೆದುಕೊಂಡು ಬಂದರು. ಎಂಟು ವರ್ಷ ಇರಬಹುದು. ಬಂದವಳೇ ಸ್ಟ್ಯಾಂಡಿನ ಹತ್ತಿರ ಹೋಗಿ “ಏಯ್ಟೀನ್ ಇದ್ಯಾ ಆಂಟಿ?” ಅಂದಳು.

“ಕೊಹ್ಲಿದಾ ಪುಟ್ಟ?” ಅಂದರು ಅಪ್ಪ.

“ಸ್ಮೃತಿದು.”

ಸ್ಮೃತಿ ಮಂಧಾನ ಅವರದ್ದೂ ಹದಿನೆಂಟೇ. ಇಷ್ಟು ದಿನ ಅಂಗಡಿ ಇಟ್ಟುಕೊಂಡವಳು ನಾನು, ಆ ಹೆಸರಿನ ಒಂದು ಅಂಗಿಯನ್ನೂ ತಂದಿಡಲು ಹೊಳೆದಿರಲಿಲ್ಲ. ಅವಳ ಅಳತೆಗೆ ಇದ್ದದ್ದು ಒಂದೇ ಒಂದು ಹದಿನೆಂಟು. ನಾಲ್ಕು ಹುಡುಗರ ಮೈಮೇಲೆ ಹೋಗಿ ಬಂದದ್ದು, ಮೇಲಿನ ‘ಕೊಹ್ಲಿ’ ಆಗಲೇ ಬಿರಿದಿತ್ತು. ಇದು ಬೇಡ, ಮುಂದಿನ ವಾರ ತರಿಸಿಕೊಡುತ್ತೇನೆ ಅಂದೆ. ಅವಳು ಅಂಗಿಯನ್ನು ಎದೆಗೆ ಹಿಡಿದು ಕನ್ನಡಿ ನೋಡಿಕೊಂಡಳು. ಹಿಂದೆ ತಿರುಗಿಸಿ ಬೆನ್ನು ನೋಡಿದಳು.

“ಹೆಸ್ರು ತೆಗೆದುಬಿಡಿ ಆಂಟಿ. ನಂಬರ್ ಇರ್ಲಿ.”

ಇಸ್ತ್ರಿ ಪೆಟ್ಟಿಗೆ ಹಚ್ಚಿದೆ. ಒಂದು ತೆಳು ಬಟ್ಟೆ ಹಾಸಿ, ಹೆಸರಿನ ಮೇಲೆ ಬಿಸಿ ತಾಗಿಸಿ, ಅಂಚು ಎದ್ದಾಗ ಹುಬ್ಬಿನ ಚಿಮಟಿಗೆಯಲ್ಲಿ ಒಂದೊಂದೇ ಅಕ್ಷರ ಎಳೆದೆ. ಕೆಳಗಿನ ನಂಬರಿಗೆ ಬಿಸಿ ತಾಗಬಾರದು ಎಂದು ಅವಳು ಅದರ ಮೇಲೆ ತನ್ನ ಎರಡೂ ಅಂಗೈ ಮುಚ್ಚಿಕೊಂಡು ನಿಂತಿದ್ದಳು.